ಗುದ್ದದೆ ಉಳಿದ ಬೆನ್ನು

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ಕೂಸಿನ ಅಪ್ಪನಿಗೆ ಅಕ್ಕನೋ ತಂಗಿಯೋ ಇದ್ದರೆ ಆ ಹಕ್ಕು ಅವಳದೇ. ಅದನ್ನು ತಹಶೀಲ್ದಾರರೂ ಕಸಿಯಲಾರರು. ಅವಳು ತೊಟ್ಟಿಲಿನ ಮೇಲೆ ಬಾಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಊದಿ, ಹೆಸರು ಹೇಳುತ್ತಾಳೆ. ಹೇಳಿ ಮುಗಿಸುವುದರೊಳಗೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ಶಾಸ್ತ್ರ ಬಲ್ಲವರನ್ನು ಕೇಳಿ ನೋಡಿದ್ದೇನೆ. ಅವರು ಗಂಭೀರವಾಗಿ ಕೆಮ್ಮಿ, ಮೊದಲಿನಿಂದ ಹಾಗೇ ನಡೆದು ಬಂದಿದೆ ಎಂದಿದ್ದಾರೆ. ನಾನು ಕಂಡಂತೆ ಕಾರಣ ಇಷ್ಟೇ: ವರ್ಷವಿಡೀ ನಾದಿನಿಯ ಮಾತು ಕೇಳಿಸಿಕೊಂಡ ಹೆಂಗಸರಿಗೆ ಅದೊಂದು ದಿನ ಕಾಯ್ದೆಬದ್ಧ ಅವಕಾಶ.

ನನ್ನ ಮಗನಿಗೆ ಹೆಸರಿಟ್ಟ ನನ್ನ ತಂಗಿ ಆಮೇಲೆ ಎರಡು ರಾತ್ರಿ ಅಂಗಾತ ಮಲಗಲಿಲ್ಲ. ಆ ಬೆನ್ನುನೋವನ್ನು ಅವಳು ಸಾಯುವತನಕ ಹೊಸ ಒಡವೆಯ ಹಾಗೆ ಓಣಿಗೆಲ್ಲ ತೋರಿಸಿಕೊಂಡು ತಿರುಗಿದಳು. ನನ್ನ ಮಗಳು ಆಗ ಚಿಕ್ಕವಳು. ತೊಟ್ಟಿಲಿನ ಪಕ್ಕದಲ್ಲೇ ನಿಂತು ಆ ಗುದ್ದುಗಳ ಸದ್ದು ಕೇಳಿ, ಮುಂದೆ ಈ ತಮ್ಮನ ಕೂಸಿಗೆ ತಾನು ಹೆಸರಿಡುವವಳು ಎಂದು ಅವತ್ತೇ ಊರಿಗೆಲ್ಲ ಹೇಳಿಬಿಟ್ಟಿದ್ದಳು.

ಆ ಮಗಳಿಗೆ ಕಣ್ಣಿಲ್ಲ. ನಾಲ್ಕನೆಯ ವರ್ಷ ಬಂದ ದಡಾರ ಹೋಗುವಾಗ ಅವನ್ನೂ ಒಯ್ದಿತು. ಈಗ ಅವಳು ನಮ್ಮೂರು ಬನಹಟ್ಟಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಹುಡುಗರು ಅವಳಿಗೆ ಹೆದರುತ್ತಾರೆ, ನಾನೂ. ಅವಳ ಮದುವೆಗೆ ನಡೆದ ಪ್ರಯತ್ನಗಳ ಬಗ್ಗೆ ಬರೆಯಲು ಏನೂ ಇಲ್ಲ, ಯಾಕೆಂದರೆ ಬಂದವರು ಯಾರೂ ಇಲ್ಲ. ಬಂಧುಬಳಗದ ಮದುವೆ, ಮುಂಜಿ, ಸೀಮಂತಗಳಿಗೆ ಮಾತ್ರ ತಪ್ಪದೆ ಹೋಗುತ್ತಾಳೆ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಯಾರೋ ಒಬ್ಬರು ರಟ್ಟೆ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂಡಿಸುತ್ತಾರೆ. 'ಕುಂದರವಾ, ತ್ರಾಸ ತಗೋಬ್ಯಾಡ' ಎನ್ನುತ್ತಾರೆ. ಅರಿಶಿಣ ಹಚ್ಚುವುದು, ಉಡಿ ತುಂಬುವುದು, ಆರತಿ ಎತ್ತುವುದು ಎಲ್ಲವೂ ಆ ಕುರ್ಚಿಯಿಂದ ದೂರದಲ್ಲಿ ಮುಗಿಯುತ್ತವೆ. ಆಮೇಲೆ ಒಂದು ತಾಟು ಹೋಳಿಗೆ ಬರುತ್ತದೆ. ನಮ್ಮ ನಾಲ್ಕು ತಾಲೂಕುಗಳಲ್ಲಿ ಅವಳು ಕೂಡದ ಕುರ್ಚಿ ಉಳಿದಿಲ್ಲ.

ಅವಳ ತಮ್ಮನಿಗೆ, ಅಂದರೆ ನನ್ನ ಮಗನಿಗೆ, ಮದುವೆಯಾದದ್ದು ತಡವಾಗಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಮಗ್ಗ ಹಾಕಿಕೊಂಡು ಸೀರೆ ನೇಯಿಸುತ್ತಾನೆ. ಸೊಸೆಯ ತವರು ರನ್ನ ಬೆಳಗಲಿ. ಚೊಚ್ಚಲ ಬಾಣಂತನಕ್ಕೆ ಅಲ್ಲಿಗೆ ಹೋದವಳು ಹೆಣ್ಣು ಕೂಸು ಹೆತ್ತಳು. ಸುದ್ದಿ ಬಂದ ದಿನ ಮಗಳು ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಡುತ್ತ ಕೇಳಿದಳು:

"ಅಪ್ಪಾ, ನನ್ನ ಬೆನ್ನ ಹೆಂಗೈತಿ?"

"ಯಾಕವಾ, ನೋವೇನು?"

"ಇನ್ನೂ ಇಲ್ಲ. ಇನ್ನ ಆಗಬೇಕಲ್ಲ. ಅತ್ತೀದು ಮರತಿ?"

ಮರುದಿನವೇ ತಮ್ಮನ ಮಗ್ಗದಿಂದ ಒಂದು ಸೀರೆ ಇಳಿಸಿಕೊಂಡಳು. ಬಣ್ಣ ಯಾವುದು ಎಂದು ನನ್ನನ್ನು ಕೇಳಿದಳು, ಹಸಿರು ಎಂದೆ. ಕುಪ್ಪಸಕ್ಕೆ ಅಳತೆ ಕೊಡುವಾಗ ದರ್ಜಿಗೆ ಬೆನ್ನಿನ ಕಡೆ ಎರಡು ಹೊಲಿಗೆ ಹಾಕಲು ಹೇಳಿದಳು.

ಅದೇ ದಿನಗಳಲ್ಲಿ ಜಮಖಂಡಿಯಿಂದ ಸಾಹಿತ್ಯಾಸಕ್ತರ ಬಳಗವೊಂದು ಶಾಲು ಸಮೇತ ನಮ್ಮ ಮನೆಗೆ ಬಂದಿತು. ನಿವೃತ್ತ ಕನ್ನಡ ಮಾಸ್ತರನ ಮನೆಗೆ ಶಾಲು ಬಂದರೆ ಅದರ ಹಿಂದೆ ಕೆಲಸವೂ ಬಂದಿರುತ್ತದೆ. ಅಂಧರ ಕುರಿತು ಸಮಾಜಕ್ಕಿರುವ ಪೂರ್ವಗ್ರಹವನ್ನು ಹೋಗಲಾಡಿಸುವ ಸಣ್ಣಕಥೆಗಳ ಸ್ಪರ್ಧೆಯಂತೆ, ನಾನು ತೀರ್ಪುಗಾರನಂತೆ. ಕಥೆ ಹತ್ತು ಪುಟ ಮೀರುವಂತಿಲ್ಲ. ಇಷ್ಟು ವರ್ಷ ನಮ್ಮ ಓಣಿಯಲ್ಲಿ ಒಂದು ಗೇಣೂ ಅಲುಗದ ವಸ್ತುವನ್ನು ಹತ್ತು ಪುಟದೊಳಗೆ ಬೇರುಸಹಿತ ಕೀಳಬೇಕು ಎಂಬ ಷರತ್ತು ನನಗೆ ಹಿಡಿಸಿತು. ಒಪ್ಪಿಕೊಂಡೆ.

ಕಥೆಗಳೆಲ್ಲ ಫೋನಿಗೆ ಬಂದವು. ಆ ಇರುವೆಯಂಥ ಅಕ್ಷರ ಓದುವ ಕಣ್ಣು ನನಗೆ ಉಳಿದಿಲ್ಲ. ಮಗಳ ಫೋನು ತಾನೇ ಓದಿ ಹೇಳುತ್ತದೆ. ಅದರೊಳಗೊಬ್ಬ ಹೆಣ್ಣುಮಗಳಿದ್ದಾಳೆ, ಕರೆಂಟು ಬಿಲ್ಲನ್ನೂ ಕರುಳಿನ ಕೂಗನ್ನೂ ಒಂದೇ ದನಿಯಲ್ಲಿ ಹೇಳುವಷ್ಟು ಸ್ಥಿತಪ್ರಜ್ಞೆ. ಸಂಜೆ ನಾವಿಬ್ಬರೂ ಪಡಸಾಲೆಯಲ್ಲಿ ಕೂತು, ಹಿಂದೆ ಮಗ್ಗಗಳ ಖಟಪಟ ನಡೆದಿರುವಾಗ, ಅವಳಿಂದ ಕಥೆ ಕೇಳುತ್ತಿದ್ದೆವು.

ಒಂದರಲ್ಲಿ ಕುರುಡಿ ಗುಡಿಯ ಮುಂದೆ ಹಾಡುತ್ತಾಳೆ. ಆ ಹಾಡು ಕೇಳಿದ ಕಣ್ಣಿನ ಡಾಕ್ಟರು ಆಪರೇಷನ್ ಮಾಡುತ್ತಾರೆ. ಪಟ್ಟಿ ಬಿಚ್ಚಿದಾಗ ಅವಳು ಮೊದಲು ತಾಯಿಯ ಮುಖ ನೋಡುತ್ತಾಳೆ. ತಾಯಿ ಸಂತೋಷಕ್ಕೆ ಅಲ್ಲೇ ಸಾಯುತ್ತಾಳೆ. ಇನ್ನೊಂದರಲ್ಲಿ ಕುರುಡ ಮುದುಕ ಹೆಜ್ಜೆ ಸಪ್ಪಳದಿಂದಲೇ ಕಳ್ಳನನ್ನು ಹಿಡಿಯುತ್ತಾನೆ. ಮತ್ತೊಂದರಲ್ಲಿ ಕಣ್ಣಿಲ್ಲದ ಹೆಂಡತಿ, ಗಂಡನ ಬಾಳು ಹಸನಾಗಲಿ ಎಂದು ತಾನಾಗಿಯೇ ಬಾವಿಗೆ ಬೀಳುತ್ತಾಳೆ. ಇಡೀ ಊರು ಕಣ್ಣೀರು ಸುರಿಸಿ ತನ್ನ ಪೂರ್ವಗ್ರಹವನ್ನು ಬಿಡುತ್ತದೆ.

ಇದನ್ನು ಕೇಳಿ ಮಗಳು ಫೋನು ನಿಲ್ಲಿಸಿದಳು.

"ಅಪ್ಪಾ, ಈಕಿ ಮುಂಜಾನೆ ಎದ್ದು ಒಂದ ಕಪ್ ಚಾ ಕುಡೀತಾಳೇನು ಎಲ್ಲಿಯಾದ್ರೂ?"

"ಇಲ್ಲ."

"ಯಾರ ಕೂಡಾದ್ರೂ ಜಗಳಾ?"

"ಅದೂ ಇಲ್ಲವಾ."

"ಹಂಗಾದ್ರ ಈಕೀಗಿ ಕಣ್ಣಷ್ಟ ಇಲ್ಲಂತಲ್ಲ. ಬಾಯಿನೂ ಇಲ್ಲ, ಹೊಟ್ಟಿನೂ ಇಲ್ಲ. ಬಾವಿ ಒಂದ ಐತಿ."

"ಊರ ಮಂದಿ ಸುಧಾರಿಸಿದ್ರಲ್ಲ?"

"ಸುಧಾರಿಸೂದರಾಗ ಏನ ಬಂತು? ಆಕಿ ಸತ್ತಾಳ. ಇನ್ನ ಅವರಿಗೇನ ತ್ರಾಸ?"

ಆ ಹೊತ್ತಿಗೇ ನನ್ನ ಫೋನು ರಿಂಗಾಯಿತು. ರನ್ನ ಬೆಳಗಲಿಯಿಂದ ಬೀಗತಿ, ಸೊಸೆಯ ತಾಯಿ. ಕಿವಿಯೂ ಅಷ್ಟಕ್ಕಷ್ಟೇ ಆದ್ದರಿಂದ ನಾನು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವನು. ಅದು ಆಕೆಗೆ ಗೊತ್ತಿರಲಿಲ್ಲ.

"ಬೀಗರ, ಆರಾಮದೀರಿ? ಹೆಸರಿಡೂದರ ವಿಷಯರಿ. ನಿಮ್ಮ ಮಗಳು ಅಲ್ಲಿಂದ ಇಲ್ಲೀತನಕಾ ಬರೂದು, ಗದ್ದಲದಾಗ ನಿಲ್ಲೂದು... ಆಕೀಗಿ ಸುಮ್ಮನ ತ್ರಾಸ ಆಗ್ತೈತಲ್ಲರಿ ಅಂತ."

"ತ್ರಾಸ ಏನ ಬಂತ್ರಿ? ಕ್ರೂಸರ್ ಗಾಡಿ ಬಾಡಿಗಿ ಮಾಡೇವಿ."

"ಹಂಗಲ್ಲರಿ. ತೊಟ್ಟಲಾ ತೂಗತಿರತೈತಿ, ಕೈಗಿಯ್ಗೆ ಬಡದೀತು. ನಮ್ಮ ಅಣ್ಣನ ಸೊಸಿ ಅದಾಳಲ್ಲರಿ, ಆಕೀ ಕಡಿಂದ ಮಾಡಿಸಿಬಿಟ್ರ ಆತು. ನಿಮ್ಮ ಮಗಳು ಆರಾಮ ಕುರ್ಚಿ ಮ್ಯಾಲ ಕುಂತು ನೋ..."

ಅಲ್ಲಿಗೆ ಮಾತು ನಿಂತಿತು. 'ಕೂತು ನೋಡಲಿ' ಎಂದು ಹೇಳಹೊರಟವಳಿಗೆ ಯಾರನ್ನು ಕುರಿತು ಹೇಳುತ್ತಿದ್ದೇನೆಂದು ನಡುವೆಯೇ ಹೊಳೆದಿರಬೇಕು. ಮಗಳು ಫೋನಿನ ಕಡೆ ಬಾಗಿದಳು.

"ಅತ್ತೀಯಾರ, ತೊಟ್ಟಲಾ ನಿಲ್ಲಿಸೇ ಹೆಸರಿಡ್ತಾರ್ರಿ. ತೂಗೂ ತೊಟ್ಟಲದ ಬೆನ್ನತ್ತಿ ಯಾರೂ ಓಡೂದಿಲ್ಲ."

ಆ ಕಡೆ ಫೋನು ಇಟ್ಟ ಸದ್ದು ಬಂತು.

ಆಮೇಲೆ ನಡೆದ ಮಾತುಕತೆಗೆ ಮಗ ರಾಯಭಾರಿ. ಬೈಕಿನ ಮೇಲೆ ಬೆಳಗಲಿಗೆ ಹೋಗುವುದು, ಮುಖ ಜೋಲುಹಾಕಿಕೊಂಡು ಬರುವುದು.

"ಅಕ್ಕಾ, ಮೊದಲನೇ ಕೂಸು. ಅವರಿಗೂ ಒಂದ ಅಂಜಿಕಿ ಇರತೈತಿ."

"ಎದರ ಅಂಜಿಕಿ? ದಡಾರದಾಗ ಹೋದ ಕಣ್ಣು ಕಿವ್ಯಾಗ ಊದಿದ್ರ ಹತ್ಕೊಂತೈತೇನಲೇ?"

ಅವನಿಂದ ಕ್ರಮೇಣ ಇನ್ನೊಂದು ಸುದ್ದಿ ಹೊರಬಂತು. ಬೀಗತಿ ದಿನಾ ದೀಪ ಹಚ್ಚುವ ಹೊತ್ತಿಗೆ ಕೂಸಿನ ಮುಖದ ಮುಂದೆ ಬ್ಯಾಟರಿ ಹಿಡಿದು, ಬೆಳಕನ್ನು ಎಡಕ್ಕೂ ಬಲಕ್ಕೂ ಆಡಿಸಿ, ಕಣ್ಣು ಹೊರಳುತ್ತವೆಯೋ ಇಲ್ಲವೋ ನೋಡುತ್ತಿದ್ದಳಂತೆ. ಮುಧೋಳದ ಡಾಕ್ಟರು ಕಣ್ಣಿಗೆ ಏನೂ ಆಗಿಲ್ಲ ಎಂದು ಹೇಳಿ ಕಳಿಸಿದ್ದರು. ಆದರೆ ಡಾಕ್ಟರಿಗೇನು ಗೊತ್ತು. ಅವರೇನು ನಮ್ಮ ಮನೆಗೆ ಹೆಣ್ಣು ಕೊಟ್ಟವರೇ?

ಮಗಳು ಇದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಅವರಿಗೆ ಹೇಳು. ನಾ ಬರಾಕತ್ತೇನಿ. ಹೆಸರಿಟ್ಟ ಮ್ಯಾಲ ಕುರ್ಚಿ ಕೊಡಂತ ಹೇಳು, ಕುಂದರ್ತೀನಿ."

ಕೊನೆಗೆ ಅವರು ಒಪ್ಪಿದರು. ಒಪ್ಪದಿದ್ದರೆ ನಾವು ಯಾರೂ ಬರುವುದಿಲ್ಲ ಎಂದು ಮಗನ ಬಾಯಲ್ಲಿ ಹೇಳಿಸಿದ್ದು ನಾನು. ಅವನು ಅದನ್ನು ಎಷ್ಟು ಮೆತ್ತಗೆ ಮಾಡಿ ಹೇಳಿದನೋ ನನಗೆ ಗೊತ್ತಿಲ್ಲ.

ಕಬ್ಬು ಕಡಿಯುವ ಕಾಲ. ಮಹಾಲಿಂಗಪುರ ದಾಟಿದ ಮೇಲೆ ರಸ್ತೆಯ ತುಂಬ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಅವುಗಳ ಹಾಡಿನ ಅಬ್ಬರದಲ್ಲಿ ನಮ್ಮ ಕ್ರೂಸರು ಮೆರವಣಿಗೆಯ ಬಾಲದಂತೆ ತೆವಳಿತು. ಮಗಳು ಹಸಿರು ಸೀರೆ ಉಟ್ಟು ಕಿಟಕಿಯ ಪಕ್ಕ ನೆಟ್ಟಗೆ ಕೂತಿದ್ದಳು. ದಾರಿಯುದ್ದಕ್ಕೂ ತುಟಿಯೊಳಗೇ 'ಕುರ್ರ್' ಅಂದು ನೋಡಿಕೊಳ್ಳುತ್ತಿದ್ದಳು.

ಬೀಗರ ಮನೆಯಲ್ಲಿ ಗಂಡಸರಿಗೆ ಪಡಸಾಲೆ, ಹೆಂಗಸರಿಗೆ ಒಳಮನೆ. ನಾನು ಗುಗ್ಗರಿ ತಿನ್ನುವ ನೆವದಿಂದ ಬಾಗಿಲಿಗೆ ಹತ್ತಿರ ಕೂತೆ. ರುಬ್ಬುವ ಗುಂಡಿಗೆ ಕುಪ್ಪಸದ ಬಟ್ಟೆ ಸುತ್ತಿ ಮೊದಲು ಅದನ್ನು ತೊಟ್ಟಿಲಲ್ಲಿ ತೂಗಿದರು, ಆಮೇಲೆ ಕೂಸು. ಹೆಸರಿಡುವ ಹೊತ್ತು ಬಂತು. ಬೀಗತಿ ಒಂದು ರಟ್ಟೆ, ಇನ್ನೊಬ್ಬಳು ಇನ್ನೊಂದು ರಟ್ಟೆ, ಹಿಂದಿನಿಂದ ಮತ್ತೊಬ್ಬಳು ಸೊಂಟ ಹಿಡಿದು, ಕೈದಿಯನ್ನು ಕೋರ್ಟಿಗೆ ಹಾಜರುಪಡಿಸುವ ಹಾಗೆ ನನ್ನ ಮಗಳನ್ನು ತಂದು ನಿಲ್ಲಿಸಿದರು.

"ಕೈ ಬಿಡ್ರಿ ಇನ್ನ," ಎಂದಳು ಮಗಳು. "ಇವತ್ತ ಮುರಿಯೂದು ಬೆನ್ನು. ಕೈ ಯಾಕ ಮುರೀತೀರಿ?"

ಯಾರೂ ನಗಲಿಲ್ಲ. ಅವಳು ತೊಟ್ಟಿಲಿನ ಅಂಚು ಹಿಡಿದಳು, ಕೂಸಿನ ತಲೆಯ ಕುಂಚಿಗೆಯನ್ನು ಮುಟ್ಟಿ ಕಿವಿ ಎಲ್ಲಿದೆಯೆಂದು ನೋಡಿಕೊಂಡಳು, ಬಾಗಿದಳು. 'ಕುರ್ರ್' ಎಂದದ್ದು ಪಡಸಾಲೆಗೂ ಕೇಳಿಸಿತು. ಹೆಸರು ಹೇಳಿದಳು.

ಏನೂ ಆಗಲಿಲ್ಲ.

ನಾನು ಬಾಗಿಲಿನಿಂದ ನೋಡುತ್ತಿದ್ದೆ. ಎರಡು ಮೂರು ಕೈಗಳು ಅಭ್ಯಾಸಬಲದಿಂದ ಮೇಲೆದ್ದವು. ಎದ್ದವು ಅಲ್ಲೇ ನಿಂತು, ಇಳಿದವು. ಒಬ್ಬಳು ತನ್ನ ಕೈಯನ್ನು, ಅದು ಏನೋ ತಪ್ಪು ಮಾಡಲಿಕ್ಕಿತ್ತು ಎಂಬಂತೆ, ಸೆರಗಿನೊಳಗೆ ಮುಚ್ಚಿಟ್ಟಳು. ನನ್ನ ಹೆಂಡತಿ ಇದ್ದಿದ್ದರೆ ಮೊದಲ ಗುದ್ದು ಅವಳದೇ ಆಗಿರುತ್ತಿತ್ತು, ಮತ್ತು ಅದು ಸಣ್ಣ ಗುದ್ದಾಗಿರುತ್ತಿರಲಿಲ್ಲ. ಅವಳು ಹೋಗಿ ವರ್ಷಗಳಾದವು. ಗಂಡಸಾದ ನಾನು ಒಳಗೆ ಹೋಗಿ ಗುದ್ದುವಂತಿಲ್ಲ.

ಮಗಳು ಬಾಗಿಯೇ ಇದ್ದಳು. ಬೆನ್ನನ್ನು ಸ್ವಲ್ಪ ಗಟ್ಟಿ ಮಾಡಿಕೊಂಡು ಕಾಯುತ್ತಿದ್ದಳು. ಆಮೇಲೆ, ಬಾಗಿದ ಹಾಗೆಯೇ, ಕಾಲೇಜಿನ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ ಕೇಳಿದಳು:

"ಯಾಕ್ರಿ, ನನ್ನ ಬೆನ್ನ ಎಲ್ಲೈತಿ ಅಂತ ಯಾರಿಗೂ ಕಾಣವಲ್ದೇನು?"

"ಅಯ್ಯ, ಪಾಪ," ಎಂದಿತು ಒಂದು ಮುದಿ ದನಿ. "ಮೊದಲ ಕಣ್ಣಿಲ್ಲದಾಕಿ. ಅದರಾಗ ಹೊಡೀಬೇಕೇನವಾ?"

ಇನ್ನೊಬ್ಬಳು ಮುಂದೆ ಬಂದು ಸೀರೆಯ ಮೇಲಿನ ಧೂಳು ಝಾಡಿಸುವ ಹಾಗೆ ಎರಡು ಸಲ ತಟ್ಟಿದಳು. ಕೂಡಲೇ ಕುರ್ಚಿ ಬಂತು. ಬೀಗತಿ ಕೂಸನ್ನು ಎತ್ತಿಕೊಂಡು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ತೆಗೆಯುವುದು ಎಲ್ಲ ಕೂಸುಗಳಿಗೂ ಇದೆ. ಆದರೆ ಅಷ್ಟು ಅವಸರದಿಂದ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಘಾಟು ಪಡಸಾಲೆಗೆ ಬಂದು ಗಂಡಸರೆಲ್ಲ ಕಣ್ಣೊರೆಸಿಕೊಂಡರು. ಹಾಗಾಗಿ ನನ್ನನ್ನು ಯಾರೂ ಗಮನಿಸಲಿಲ್ಲ.

ಮಗ ಅಲ್ಲೇ ಉಳಿದ. ನಾವಿಬ್ಬರು ಊಟ ಮಾಡಿ ಹೊರಟೆವು. ಮಹಾಲಿಂಗಪುರ ಬಂದ ಮೇಲೆ ಅವಳು ಹೇಳಿದಳು:

"ಹೊಡೀಲಿಲ್ಲ, ಅಪ್ಪಾ."

"ಹೂಂ."

ಅಷ್ಟೇ ನಮ್ಮ ಮಾತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅವಳು ದಿನದಂತೆ ನೆಂಟರು ಫೋನಿನಲ್ಲಿ ಹಾಕಿದ ಸ್ಟೇಟಸ್ಸುಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಅವಳಿಗೆ ಅವು ಬರೀ ಸದ್ದು. ಒಂದರಲ್ಲಿ ಜೋಗುಳ ಕೇಳಿಸಿತು, ಬೀಗತಿಯ ದನಿ ಕೇಳಿಸಿತು. ಆಮೇಲೆ ಗದ್ದಲದ ನಡುವೆ, ಯಾರ ದನಿಯೆಂದು ತಿಳಿಯದಂತೆ, 'ಕುರ್ರ್', ಆಮೇಲೆ ಹೆಸರು.

ಅವಳ ಮುಖ ಅರಳಿತು. "ನಂದ ವಿಡಿಯೋ ಮಾಡ್ಯಾರಪಾ."

ಅದರ ಹಿಂದೆಯೇ ಧಬ, ಧಬ, ಧಬ. ನಗು. 'ಸಾಕ್ರವ್ವಾ ಸಾಕು, ಸತ್ತೆ' ಎಂದು ಯಾವಳೋ ಕಿರುಚಿ ನಗುವುದು.

ಅವಳು ಇನ್ನೊಮ್ಮೆ ಒತ್ತಿ ಕೇಳಿದಳು. ಕಪ್ಪನ್ನು ಕೆಳಗಿಟ್ಟಳು.

"ಇದು ನಾನಲ್ಲ, ಅಪ್ಪಾ. ನನಗ ಹೊಡದಿಲ್ಲ."

ನಾನು ಫೋನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಅದೇ ತೊಟ್ಟಿಲು, ಅದೇ ಹೂವಿನ ಮಾಲೆ. ಬೆನ್ನು ಬೇರೆ. ನಮ್ಮ ಕ್ರೂಸರು ಊರು ದಾಟಿದ ಮೇಲೆ, ಅಣ್ಣನ ಸೊಸೆಯನ್ನು ನಿಲ್ಲಿಸಿ ಎಲ್ಲವನ್ನೂ ಮೊದಲಿನಿಂದ ಮಾಡಿಸಿದ್ದರು. ಮೂಲೆಯಲ್ಲಿ ನನ್ನ ಸೊಸೆ ತಲೆಗೆ ಬಟ್ಟೆ ಕಟ್ಟಿಕೊಂಡು ತಲೆ ಬಗ್ಗಿಸಿ ಕೂತಿದ್ದಳು. ನನ್ನ ಮಗ ಗುಗ್ಗರಿ ಹಂಚುತ್ತಿದ್ದ.

ಅವನು ಸಂಜೆ ಬಂದ. ಅವನ ಅಕ್ಕ ಕೂಗಾಡಲಿಲ್ಲ.

"ಅದೇ ಹೆಸರ ಇಟ್ಟಾರಿಲ್ಲೋ?"

"ಹೂಂ ಅಕ್ಕಾ, ಅದೇ. ಮನ್ಯಾಗ ಒಂದ ಸಮಾಧಾನ ಇರಲಿ ಅಂತ..."

"ಹಂಗಾದ್ರ ಕೂಸಿಂದೇನೂ ಬದಲ ಆಗಿಲ್ಲ. ನಂದಷ್ಟ ಅಳಸೀರಿ. ಹೋಗು, ಉಣ್ಣಹೋಗು."

ಹಸಿರು ಸೀರೆಯನ್ನೂ ಕುಪ್ಪಸವನ್ನೂ ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಕುಪ್ಪಸದ ಬೆನ್ನಿನ ಎರಡು ಹೊಲಿಗೆ ಹಾಗೇ ಗಟ್ಟಿಯಾಗಿದ್ದವು.

ಜಮಖಂಡಿಯ ಬಳಗಕ್ಕೆ ನಾನು, ಬಹುಮಾನಕ್ಕೆ ಯೋಗ್ಯವಾದ ಕಥೆ ಸಿಗಲಿಲ್ಲ ಎಂದು ತಿಳಿಸಿದೆ. ಹಾಗೆನ್ನಲು ಬರುವುದಿಲ್ಲ, ಹಾಲ್ ಬುಕ್ ಆಗಿದೆ ಎಂದರು. ಬಾವಿಯ ಕಥೆಗೆ ತಾವೇ ಮೊದಲ ಬಹುಮಾನ ಕೊಟ್ಟುಬಿಟ್ಟರು. ನನ್ನ ಮಗಳನ್ನು ವಿಶೇಷ ಅತಿಥಿಯೆಂದು ಕರೆದು, ವೇದಿಕೆಯ ಮೇಲೆ ಒಂದು ಕುರ್ಚಿ ಇಟ್ಟಿದ್ದರು. ಅವಳು ಹೋಗಲಿಲ್ಲ. ಖಾಲಿ ಕುರ್ಚಿಯ ಪಕ್ಕ ಕೂತು ನಾನು ಭಾಷಣಗಳನ್ನು ಕೇಳಿದೆ. ಸಮಾಜ ಕಣ್ಣು ತೆರೆಯಬೇಕು ಎಂದು ಪ್ರತಿಯೊಬ್ಬರೂ ಹೇಳಿದರು.

ಐದನೆಯ ತಿಂಗಳಲ್ಲಿ ಸೊಸೆ ಕೂಸನ್ನು ಕರೆದುಕೊಂಡು ಬನಹಟ್ಟಿಗೆ ಬಂದಳು. ತೊಟ್ಟಿಲು, ಗೆಜ್ಜೆ, ಕುಂಚಿಗೆಗಳ ಜೊತೆ ಬ್ಯಾಟರಿಯೂ ಬಂತು. ಸೊಸೆ ಸಂಜೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ತನ್ನ ತಾಯಿ ಕಲಿಸಿದ ಪರೀಕ್ಷೆಯನ್ನು ಮಾಡುತ್ತಿದ್ದಳು. ಮಗ್ಗಗಳ ಗದ್ದಲದಲ್ಲಿ ಬ್ಯಾಟರಿಯ ಗುಂಡಿಯ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಕೂಸನ್ನು ನನ್ನ ಮಗಳ ಕೈಗೆ ಕೊಡುತ್ತಿದ್ದಳು, ಇಲ್ಲವೆನ್ನಲಾರೆ. ಕೊಟ್ಟು ಅಲ್ಲೇ ಕೈ ಚಾಚಿಕೊಂಡು ನಿಲ್ಲುತ್ತಿದ್ದಳು.

ಒಂದು ಸಂಜೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಬನಹಟ್ಟಿಯಲ್ಲಿ ಅಪರೂಪಕ್ಕೆ ಬರುವ ನಿಶ್ಶಬ್ದ ಬಂತು. ಆ ನಿಶ್ಶಬ್ದದಲ್ಲಿ ಒಳಗಿನಿಂದ 'ಟಕ್' ಎಂದಿತು. ಕೋಣೆಯ ಬಾಗಿಲ ಹತ್ತಿರವೇ ಅಕ್ಕಿ ಆರಿಸುತ್ತಿದ್ದ ಮಗಳ ಕೈ ನಿಂತಿತು. ಮಗ್ಗ ನಿಂತದ್ದರಿಂದ ಪಡಸಾಲೆಯಲ್ಲಿದ್ದ ನನ್ನ ಅರೆಗಿವಿಗೂ ಎಲ್ಲವೂ ಕೇಳುತ್ತಿತ್ತು.

"ಏನಂತಾವವಾ ಕಣ್ಣು?"

"ದಿನಾ ನೋಡಂತ ನಮ್ಮವ್ವ ಹೇಳ್ಯಾಳ್ರಿ, ಅಕ್ಕಾರ."

"ನೋಡಬ್ಯಾಡ ಅನ್ನಾಕತ್ತಿಲ್ಲ. ಏನಂತಾವ ಅಂತ ಕೇಳಿದೆ."

"ಬೆಳಕ ಹೋದ ಕಡೆ ಹೊರಳತಾವ್ರಿ."

"ಛಲೋ ಆತು. ಒಂದಿನ ಹೊರಳಲಿಲ್ಲಂದ್ರ ಏನ ಮಾಡ್ತಿ?"

ಸೊಸೆ ಅಳುತ್ತಿದ್ದಳೆಂದು ಕಾಣುತ್ತದೆ.

"ನಾ ಹೇಳ್ತೀನಿ ಕೇಳು. ಸಾಲೀಗೆ ಹಾಕ್ತಿ. ನಮ್ಮವ್ವ ಹಾಕಿದ್ಲು. ಚಾ ಮಾಡಾಕ ಕಲಿಸಿದ್ಲು, ಕೈ ಸುಟ್ಕೊಂಡ್ರ ಬೈದ್ಲು, ಹಠಾ ಹಿಡದ್ರ ಬೆನ್ನಿಗೆ ಎರಡ ಬಿಡತಿದ್ಲು. ಆಕಿ ಬಿಟ್ರ ನನ್ನ ಬೆನ್ನಿಗೆ ಯಾರೂ ಕೈ ಹಾಕಿಲ್ಲ, ನೋಡು. ಎಲ್ಲಾರೂ ಭಾಳ ಛಲೋ ಮಂದಿ."

ಆಮೇಲೆ ಸೊಸೆಯ ದನಿ: "ಅವತ್ತ ಹೆಸರಿಟ್ಟಾಗ ಹೊಡ್ಯಾಕ ನಾ ಎದ್ದಿದ್ದೆರಿ, ಅಕ್ಕಾರ. ಅವ್ವ ಕೈ ಹಿಡದು ಕೂಡಿಸಿದ್ಲು."

"ಈಗ ನಿಮ್ಮವ್ವ ಎಲ್ಲಿ ಅದಾಳ?"

"ಬೆಳಗಲ್ಯಾಗರಿ."

ಅಕ್ಕಿಯ ಮೊರ ಸರಿಸಿದ ಸದ್ದು. ತೊಟ್ಟಿಲು ನಿಂತ ಸದ್ದು. ಗೆಜ್ಜೆ ಒಮ್ಮೆ ಝಣ್ ಎಂದಿತು. ಆಮೇಲೆ, 'ಕುರ್ರ್'. ಆಮೇಲೆ ಹೆಸರು. ಆಮೇಲೆ ಮೆತ್ತಗೆ ಒಂದು ಸದ್ದು.

"ಇದೇನ ಹೊಡಿತ? ಅರಿವಿ ಝಾಡಸಾಕತ್ತೀಯೇನು?"

ಎರಡನೆಯದು ಪಡಸಾಲೆಯ ಗೋಡೆಗೂ ತಾಕಿತು. ಮೂರನೆಯದಕ್ಕೆ ಕೂಸು ಬೆಚ್ಚಿ ಅಳತೊಡಗಿತು. ಕರೆಂಟು ಬಂದು ಮಗ್ಗಗಳು ಮತ್ತೆ ಶುರುವಾದವು. ನನಗೆ ಮುಂದಿನದು ಕೇಳಿಸಲಿಲ್ಲ.

ಜಮಖಂಡಿಗೆ ಕಳಿಸುವ ಕಥೆಯಾಗಿದ್ದರೆ ಸೊಸೆ ಆ ಬ್ಯಾಟರಿಯನ್ನು ಅಲ್ಲೇ ಒಲೆಗೆ ಹಾಕುತ್ತಿದ್ದಳು. ಮರುದಿನ ಸಂಜೆ ಕರೆಂಟು ಹೋಗಲಿಲ್ಲ. ಮಗ್ಗಗಳ ಸದ್ದಿನಲ್ಲಿ ಗುಂಡಿ ಒತ್ತಿದ್ದು ಯಾರಿಗೂ ಕೇಳಲಿಲ್ಲ. ಆದರೆ ಮುಂದೆ ಮಾಡಿ ಬಿಟ್ಟ ಬಾಗಿಲಿನ ಸಂದಿಯಲ್ಲಿ ಬೆಳಕು ಎಡಕ್ಕೆ ಹೋಗಿ ಬಲಕ್ಕೆ ಬಂದದ್ದನ್ನು ನಾನು ಕಂಡೆ. ಮಗಳು ಹೊರಗಿನ ಕಟ್ಟೆಯ ಮೇಲೆ ಕೂತು, ರಾತ್ರಿ ಅಂಗಾತ ಮಲಗಲು ಆಗಲಿಲ್ಲ ಎಂದು ಓಣಿಗೆಲ್ಲ ಕೇಳುವಂತೆ ನೆರೆಯವಳಿಗೆ ದೂರುತ್ತಿದ್ದಳು. ಬೆಳಕಿನ ಸುದ್ದಿಯನ್ನು ನಾನು ಅವಳಿಗೆ ಹೇಳಲಿಲ್ಲ.